ಇನ್‌ಸ್ಟಾಲ್ ಮಾಡುವ ಮುಂಚೆ ಫೋಟೋ ಇರುವ ಡಿಸ್ಕ್‌ನ ಕೇಬಲ್ ಕಿತ್ತಿಡಿ

4 ಜಿಬಿ ರ‍್ಯಾಮ್ ಇರುವ ಹಳೆ ಡೆಸ್ಕ್‌ಟಾಪ್, ಎರಡು ಹಾರ್ಡ್ ಡಿಸ್ಕ್, ಅದರಲ್ಲಿ ಒಂದರ ತುಂಬ ಮನೆಯವರ ಫೋಟೋ. ಇದನ್ನು ಮನೆಯ ಫೈಲ್ ಸರ್ವರ್ ಮಾಡಲು ಟ್ರೂನ್ಯಾಸ್ ಹಾಕಲಾ, ಓಪನ್‌ಮೀಡಿಯಾವಾಲ್ಟ್ ಹಾಕಲಾ (ಎರಡೂ ಅದಕ್ಕೆಂದೇ ಇರುವ ಸಿಸ್ಟಮ್ ಸಾಫ್ಟ್‌ವೇರ್), ಎರಡೂ ಡಿಸ್ಕ್ ಸೇರಿಸಿ ಮಿರರ್ (ಒಂದೇ ಡೇಟಾವನ್ನು ಎರಡರಲ್ಲೂ ಒಟ್ಟಿಗೆ ಬರೆಯುವ ವ್ಯವಸ್ಥೆ) ಮಾಡಿಬಿಟ್ಟರೆ ಬ್ಯಾಕಪ್ ಚಿಂತೆ ಇರಲ್ಲ ಅಲ್ವಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನನ್ನ ಮೇಜಿನ ಮೇಲೂ ಇದೇ ಇತ್ತು. ತಲೆಯಲ್ಲಿದ್ದ ಪ್ರಶ್ನೆಯೂ ಇದೇ.

ನನ್ನ ಡಿಸ್ಕ್‌ನಲ್ಲಿದ್ದದ್ದು ಅಪ್ಪ ತೆಗೆದ ಫೋಟೋಗಳು. ಹಳೆ ನೆಗೆಟಿವ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದ್ದೆ, ಒಟ್ಟು 2,300 ಚಿಲ್ಲರೆ. ಸ್ಕ್ಯಾನ್ ಮಾಡುವುದು ಅಷ್ಟು ದೊಡ್ಡ ಕೆಲಸವಲ್ಲ. ಹೆಸರಿಡುವುದು ದೊಡ್ಡದು. ಸಂಜೆ ಹೊತ್ತು ಅಪ್ಪ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಪರದೆ ಮೇಲೆ ಫೋಟೋ ಬಂದ ತಕ್ಷಣ, "ಇದು ಎಪ್ಪತ್ತೊಂಬತ್ತು. ಎಡಗಡೆ ನಿಂತಿರೋದು ನಿನ್ನ ಸೋದರತ್ತೆ. ಹಿಂದೆ ಕಾಣ್ತಿದೆಯಲ್ಲ, ಅದು ನಾವು ಮೊದಲಿದ್ದ ಮನೆ" ಅನ್ನುತ್ತಿದ್ದರು. ನಾನು ಅದನ್ನೇ ಫೈಲ್ ಹೆಸರಾಗಿ ಟೈಪ್ ಮಾಡುತ್ತಿದ್ದೆ. ಎರಡು ತಿಂಗಳು ಹಿಡಿಯಿತು. ಮರುವರ್ಷ ಅಪ್ಪ ತೀರಿಕೊಂಡರು. ಸರ್ವರ್ ಮಾಡುವ ಯೋಚನೆ ಬಂದದ್ದೇ ಆಮೇಲೆ. ಮನೆಯಲ್ಲಿ ಯಾರು ಬೇಕಾದರೂ ತಮ್ಮ ಫೋನ್‌ನಲ್ಲೇ ಆ ಫೋಟೋ ನೋಡಲಿ ಅಂತ.

ನನ್ನ ಎರಡು ಡಿಸ್ಕ್‌ಗಳೂ 500 ಜಿಬಿ, ಒಂದೇ ಮಾಡೆಲ್, ಒಟ್ಟಿಗೆ ತಂದವು. ಒಂದು ಖಾಲಿ, ಇನ್ನೊಂದರಲ್ಲಿ ಫೋಟೋ. ನಾನೇನು ಅಜಾಗರೂಕನಾಗಿರಲಿಲ್ಲ. ಹಿಂದಿನ ದಿನವೇ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಹಾಕಿ ನೋಡಿ, ಅದು ಡಿಸ್ಕ್‌ಗಳಿಗೆ ಕೊಟ್ಟ ಗುರುತನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ: ಎಸ್‌ಡಿಎ ಖಾಲಿ, ಎಸ್‌ಡಿಬಿ ಫೋಟೋ. ಮಾರನೇ ದಿನ ಧೂಳು ಒರೆಸಲೆಂದು ಕ್ಯಾಬಿನೆಟ್ ಬಿಚ್ಚಿದೆ, ಕೇಬಲ್ ಎಲ್ಲ ತೆಗೆದೆ, ಮತ್ತೆ ಹಾಕಿದೆ. ಆಮೇಲೆ ಇನ್‌ಸ್ಟಾಲರ್ ಶುರು ಮಾಡಿದೆ. ಅದು ಎರಡು ಸಾಲು ತೋರಿಸಿತು. ಎಸ್‌ಡಿಎ 465.8 ಜಿ, ಎಸ್‌ಡಿಬಿ 465.8 ಜಿ (500 ಜಿಬಿ ಡಿಸ್ಕನ್ನು ಲಿನಕ್ಸ್ ಎಣಿಸುವುದು ಹೀಗೆ). ಚೀಟಿ ನೋಡಿದೆ, ಎಸ್‌ಡಿಎ ಆರಿಸಿದೆ. ಈ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅಂತ ಎಚ್ಚರಿಕೆ ಬಂತು. ಖಾಲಿ ಡಿಸ್ಕ್ ತಾನೇ ಅಂತ ಎಂಟರ್ ಒತ್ತಿದೆ.

ಕೇಬಲ್ ವಾಪಸ್ ಹಾಕುವಾಗ ಎರಡರ ಸಾಟಾ ಪೋರ್ಟ್ (ಡಿಸ್ಕ್ ಕೇಬಲ್ ಸಿಕ್ಕಿಸುವ ಜಾಗ) ಅದಲುಬದಲಾಗಿತ್ತು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ತುಂಬ ಜನ ಇದನ್ನು ತಪ್ಪು ತಿಳಿದಿರುತ್ತಾರೆ. ಎಸ್‌ಡಿಎ ಅನ್ನುವುದು ಡಿಸ್ಕ್‌ನ ಹೆಸರಲ್ಲ. ಬೂಟ್ ಆಗುವಾಗ ಲಿನಕ್ಸ್‌ಗೆ ಡಿಸ್ಕ್‌ಗಳು ಯಾವ ಸಾಲಿನಲ್ಲಿ ಸಿಕ್ಕವೋ ಆ ಸಾಲಿನ ಟೋಕನ್ ನಂಬರ್ ಅದು. ಪೋರ್ಟ್ ಬದಲಿಸಿದರೆ ಅದೂ ಬದಲಾಗಬಹುದು. ಪೆನ್‌ಡ್ರೈವ್ ಚುಚ್ಚಿದ್ದರೆ ಅದೇ ಮೊದಲ ಟೋಕನ್ ತೆಗೆದುಕೊಂಡು ಉಳಿದವನ್ನು ಹಿಂದಕ್ಕೆ ತಳ್ಳಬಹುದು. ಏನನ್ನೂ ಮುಟ್ಟದಿದ್ದರೂ ಒಂದು ಬೂಟ್‌ನಿಂದ ಇನ್ನೊಂದಕ್ಕೆ ಹಾಗೇ ಇರುತ್ತದೆ ಅನ್ನುವ ಖಾತರಿ ಇಲ್ಲ. ಬದಲಾಗದೇ ಇರುವುದು ಡಿಸ್ಕ್ ಮೇಲೆ ಅಂಟಿಸಿರುವ ಲೇಬಲ್‌ನಲ್ಲಿನ ಸೀರಿಯಲ್ ನಂಬರ್ ಒಂದೇ. ನಾನು ಚೀಟಿಯಲ್ಲಿ ಬರೆದುಕೊಳ್ಳಬೇಕಾಗಿದ್ದದ್ದು ಅದನ್ನು. ಅದಕ್ಕಿಂತ ಮುಖ್ಯ, ಫೋಟೋ ಡಿಸ್ಕ್‌ನ ಕೇಬಲ್ ಹಾಕಲೇಬಾರದಿತ್ತು. ಇನ್‌ಸ್ಟಾಲರ್‌ಗೆ ಕಾಣದ ಡಿಸ್ಕನ್ನು ಅದು ಅಳಿಸಲಾರದು. ಎರಡು ಸೆಕೆಂಡಿನ ಕೆಲಸ.

ಹತ್ತು ನಿಮಿಷದಲ್ಲಿ ಇನ್‌ಸ್ಟಾಲ್ ಮುಗಿಯಿತು. ಬ್ರೌಸರ್‌ನಲ್ಲಿ ಸರ್ವರ್ ಪುಟ ತೆರೆದು, ಫೋಟೋ ಡಿಸ್ಕ್ ಅಂದುಕೊಂಡದ್ದರೊಳಗೆ ನೋಡಿದರೆ ಏನೂ ಇಲ್ಲ. ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಗೊತ್ತಾದ ಕೂಡಲೇ ಪವರ್ ತೆಗೆದೆ. ಆ ದಿನ ಸರಿಯಾಗಿ ಮಾಡಿದ ಕೆಲಸ ಅದೊಂದೇ. ನಿಮಗೂ ಹೀಗೇನಾದರೂ ಆದರೆ ಆ ಡಿಸ್ಕ್ ಮೇಲೆ ಒಂದಕ್ಷರವೂ ಬರೆಯಲು ಬಿಡಬೇಡಿ.

ಫೋಟೋರೆಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದು ಡಿಸ್ಕನ್ನು ತುದಿಯಿಂದ ತುದಿಗೆ ಓದಿ, ಜೆಪೆಗ್ ಶುರುವಾಗುವ ಗುರುತು ಎಲ್ಲೆಲ್ಲಿ ಸಿಗುತ್ತದೋ ಅಲ್ಲಿಂದ ಫೋಟೋ ಎತ್ತಿಕೊಡುತ್ತದೆ. ಸುಮಾರು 2,100 ಸಿಕ್ಕವು. ಕೆಲವು ಅರ್ಧ ಮಾತ್ರ, ಕೆಳಗಿನರ್ಧ ಬರೀ ಬೂದು ಬಣ್ಣ. ಆದರೆ ಒಂದಕ್ಕೂ ಹೆಸರಿಲ್ಲ. ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್ ವ್ಯವಸ್ಥೆ) ಡಿಸ್ಕ್‌ನಲ್ಲಿ ಫೈಲ್ ಹೆಸರುಗಳು ಎಮ್‌ಎಫ್‌ಟಿ ಅನ್ನುವ ಪಟ್ಟಿಯಲ್ಲಿರುತ್ತವೆ. ಅದು ಸಾಮಾನ್ಯವಾಗಿ ಡಿಸ್ಕ್‌ನ ಆರಂಭದ ಕಡೆಗೇ ಇರುತ್ತದೆ. ಹೊಸ ಸಿಸ್ಟಮ್ ಕೂತದ್ದೂ ಅಲ್ಲೇ. ಅಪ್ಪ ಹೇಳಿ ಬರೆಸಿದ ಜಾಗದಲ್ಲಿ ಈಗ ಎಫ್ 0284416 ಅಂತ ಇದೆ. ನೆಗೆಟಿವ್ ಇನ್ನೂ ಇವೆ, ಬೇಕಾದರೆ ಮತ್ತೆ ಸ್ಕ್ಯಾನ್ ಮಾಡಬಹುದು. ಹೆಸರು ಹೇಳುವವರು ಇಲ್ಲ. ಸೋದರತ್ತೆ ಜೊತೆ ಕೂತು ಒಂಬೈನೂರಕ್ಕೆ ಮತ್ತೆ ಹೆಸರಿಟ್ಟಿದ್ದೇನೆ. ಮಿಕ್ಕವರಲ್ಲಿ ಎಷ್ಟೋ ಜನ ಯಾರು ಅಂತ ಅವರಿಗೂ ತಿಳಿಯದು.

ಈಗ ನಿಮ್ಮ ಪ್ರಶ್ನೆ. ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಸಿಸ್ಟಮ್‌ಗೇ ಅಂತ ಬೇರೆ ಡಿಸ್ಕ್ ಬೇಕು. ನಿಮ್ಮ ಹತ್ತಿರ ಎರಡೂ ಇಲ್ಲ. ಓಪನ್‌ಮೀಡಿಯಾವಾಲ್ಟ್ ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, 1 ಜಿಬಿ ಇದ್ದರೂ ಓಡುತ್ತದೆ. ಅದನ್ನೇ ಹಾಕಿ. ಅದಕ್ಕೊಂದು ಚಿಕ್ಕ ಎಸ್‌ಎಸ್‌ಡಿ ಹೊಂದಿಸಿಕೊಂಡರೆ ಒಳ್ಳೆಯದು. ಪೆನ್‌ಡ್ರೈವ್‌ನಲ್ಲೇ ಹಾಕುವುದಾದರೆ ಅದಕ್ಕೆ ಬರೆಯುವುದನ್ನು ಕಡಿಮೆ ಮಾಡುವ ಪ್ಲಗಿನ್ ಮರೆಯಬೇಡಿ, ಇಲ್ಲದಿದ್ದರೆ ಬರೆದೂ ಬರೆದೂ ಅದು ಬೇಗ ಸವೆಯುತ್ತದೆ. ಇನ್ನೊಂದು, ಹಳೆ ಡೆಸ್ಕ್‌ಟಾಪ್‌ನ ನೆಟ್‌ವರ್ಕ್ ಕಾರ್ಡ್ 100 ಎಂಬಿಪಿಎಸ್‌ನದ್ದಾದರೆ ಸೆಕೆಂಡಿಗೆ 11-12 ಎಂಬಿ ಮೇಲೆ ಹೋಗಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಅದು ಜಾಸ್ತಿ ಆಗುವುದಿಲ್ಲ.

ಮಿರರ್ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆ. ಒಂದು ಡಿಸ್ಕ್ ಕೆಟ್ಟುಹೋದರೂ ಸರ್ವರ್ ನಿಲ್ಲದಿರಲಿ ಅಂತ ಇರುವುದು ಮಿರರ್. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದೇ ಕ್ಷಣ ಎರಡೂ ಡಿಸ್ಕ್‌ನಲ್ಲಿ ಹೋಗುತ್ತದೆ. ಮನೆಯ ಸರ್ವರ್ ಅರ್ಧ ದಿನ ನಿಂತರೆ ಏನೂ ಆಗಲ್ಲ, ಫೋಟೋ ಹೋದರೆ ಹೋಯಿತು. ಅದರ ಬದಲು ಎರಡನೇ ಡಿಸ್ಕ್‌ಗೆ ದಿನಾ ರಾತ್ರಿ ಆರ್‌ಸಿಂಕ್ ಅನ್ನುವ ಸಾಫ್ಟ್‌ವೇರ್‌ನಿಂದ ಕಾಪಿ ಆಗುವಂತೆ ಇಡಿ, ಡಿಲೀಟ್ ಆಯ್ಕೆ (ಮೂಲದಲ್ಲಿ ಅಳಿಸಿದ್ದನ್ನು ಪ್ರತಿಯಲ್ಲೂ ಅಳಿಸುವುದು) ಆನ್ ಮಾಡಬೇಡಿ. ಮೂರನೇ ಪ್ರತಿ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರಲಿ. ಕಾಪಿ ಮುಗಿದ ಮೇಲೆ ಅದನ್ನು ಬಿಚ್ಚಿ ಬೀರುವಿನಲ್ಲಿಡಿ. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರವನ್ನು ಟೇಪ್ ಮೇಲೆ ಬರೆದು ಅದರ ಮೈಗೇ ಅಂಟಿಸಿ.

ಆ ಫೋಟೋಗಳಿಗೆ ಇನ್ನೊಂದು ಪ್ರತಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲ ಅಂತಾದರೆ ಇವತ್ತು ಇನ್‌ಸ್ಟಾಲ್ ಬೇಡ. ಮೊದಲು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಹಚ್ಚಿ. ಹಳೆ ಯುಎಸ್‌ಬಿ 2 ಪೋರ್ಟ್ ಆದರೂ ಸೆಕೆಂಡಿಗೆ 30ರಿಂದ 40 ಎಂಬಿ ಹೋಗುತ್ತದೆ, 500 ಜಿಬಿಗೆ ನಾಲ್ಕು ಗಂಟೆ ಆಸುಪಾಸು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಏಳುವಷ್ಟರಲ್ಲಿ ಮುಗಿದಿರುತ್ತದೆ.