ಓದುಗರ ಪ್ರಶ್ನೆ: ಹಗುರ ಲ್ಯಾಪ್‌ಟಾಪ್‌ಗೆ ಎಷ್ಟು ಗ್ರಾಂವರೆಗೆ ದುಡ್ಡು ಸುರಿಯಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆಡಿಟರ್ ಆಗಿದ್ದೇನೆ. ವಾರದ ಬಹುಪಾಲು ಗದಗ, ಹಾವೇರಿ, ಕಲಬುರಗಿ ಕಡೆಯ ಕ್ಲೈಂಟ್‌ಗಳ ಕಚೇರಿಯಲ್ಲೇ ಕಳೆಯುತ್ತದೆ. ಈಗಿರುವ 15.6 ಇಂಚಿನ ಲ್ಯಾಪ್‌ಟಾಪ್ 2.2 ಕೆಜಿ ಇದೆ, ಚಾರ್ಜರ್ ಬೇರೆ. ಸಂಜೆಗೆ ಹೆಗಲು ಸೋತುಹೋಗುತ್ತದೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ), ಇಷ್ಟೇ ನನ್ನ ಕೆಲಸ. ಮೂರು ನೋಡಿಟ್ಟಿದ್ದೇನೆ: ಒಂದು ಕೆಜಿಗೂ ಕಡಿಮೆ ತೂಗುವ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಮ್ಯಾಕ್‌ಬುಕ್ ಏರ್, ಇಡೀ ದಿನ ಬ್ಯಾಟರಿ ಬರುತ್ತದೆ ಎನ್ನುವ ಸ್ನ್ಯಾಪ್‌ಡ್ರಾಗನ್ ವಿಂಡೋಸ್ ಲ್ಯಾಪ್‌ಟಾಪ್. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಆಯ್ಕೆಯನ್ನು ತೀರ್ಮಾನಿಸುವುದು ತೂಕವಲ್ಲ, ಆ ಪುಟ್ಟ ಡಿಎಸ್‌ಸಿ ಟೋಕನ್.

ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗಳಲ್ಲಿರುವುದು ಆರ್ಮ್ ಮಾದರಿಯ ಪ್ರೊಸೆಸರ್. ಇಂಟೆಲ್, ಎಎಂಡಿಗಾಗಿ ಬರೆದ ಸಾಫ್ಟ್‌ವೇರ್‌ಗಳನ್ನು ಅದರ ಮೇಲಿನ ವಿಂಡೋಸ್ ಎಮ್ಯುಲೇಷನ್ (ಆರ್ಮ್‌ಗೆ ಅರ್ಥವಾಗುವಂತೆ ಅನುವಾದಿಸುವ ವಿಧಾನ) ಮೂಲಕ ಓಡಿಸುತ್ತದೆ, ಬಹಳಷ್ಟು ಸಲ ಚೆನ್ನಾಗಿಯೇ. ಆದರೆ ಹೊರಗಿನ ಸಾಧನಗಳನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್‌ಗಳಿಗೆ ಈ ಅನುಕೂಲವಿಲ್ಲ, ಅವನ್ನು ಆರ್ಮ್‌ಗೆಂದೇ ಬರೆದಿರಬೇಕು. ಟೋಕನ್, ಕ್ಲೈಂಟ್ ಕಚೇರಿಯ ಹಳೆಯ ಪ್ರಿಂಟರ್, ಸ್ಕ್ಯಾನರ್ ಎಲ್ಲಕ್ಕೂ ಇದೇ ಮಾತು. ಟೋಕನ್ ಕೊಟ್ಟವರು ಆರ್ಮ್ ಡ್ರೈವರ್ ಇದೆ ಎಂದು ಬರೆದುಕೊಡದ ಹೊರತು ಅತ್ತ ಹೋಗಬೇಡಿ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಸಂಜೆ ಏಳಕ್ಕೆ ಟೋಕನ್ ಸಿಗುತ್ತಿಲ್ಲ ಎಂದು ಪರದೆ ಹೇಳಿದರೆ ಬ್ಯಾಟರಿ ಎಷ್ಟು ತಾಸು ಉಳಿದಿದ್ದರೇನು!

ಮ್ಯಾಕ್‌ಬುಕ್ ಏರ್ ಒಳ್ಳೆಯ ಯಂತ್ರ. 13 ಇಂಚಿನದು 1.24 ಕೆಜಿ, ಫ್ಯಾನೇ ಇಲ್ಲದ್ದರಿಂದ ಸದ್ದೂ ಇಲ್ಲ. ನಿಮಗೆ ಮಾತ್ರ ಒಗ್ಗದು. ಟ್ಯಾಲಿಪ್ರೈಮ್ ವಿಂಡೋಸ್ ಸಾಫ್ಟ್‌ವೇರ್, ಮ್ಯಾಕ್‌ನ ಎಕ್ಸೆಲ್‌ನಲ್ಲಿ ದೊಡ್ಡ ದತ್ತಾಂಶಗಳನ್ನು ಜೋಡಿಸಿ ವಿಶ್ಲೇಷಿಸುವ ಪವರ್ ಪಿವಟ್ ಇಲ್ಲ. ಪ್ಯಾರಲಲ್ಸ್ ಹಾಕಿ ಅದರೊಳಗೆ ವಿಂಡೋಸ್ ಓಡಿಸಿದರಾಯಿತು ಎಂದು ಅಂಗಡಿಯವರು ಹೇಳಬಹುದು. ಎಂ ಸರಣಿಯ ಮ್ಯಾಕ್‌ಗಳಲ್ಲಿ ಹಾಗೆ ಓಡುವುದೂ ಆರ್ಮ್ ವಿಂಡೋಸೇ. ಸುತ್ತಿ ಬಳಸಿ ಮತ್ತೆ ಟೋಕನ್ ಬಾಗಿಲಿಗೇ ಬಂದಿರಿ.

ಉಳಿದದ್ದು ಎಕ್ಸ್1 ಕಾರ್ಬನ್. ಅದರ 13ನೇ ತಲೆಮಾರು ನಿಜಕ್ಕೂ ಒಂದು ಕೆಜಿಗಿಂತ ಕಡಿಮೆಯಿಂದ ಶುರುವಾಗುತ್ತದೆ. ‘ಶುರುವಾಗುತ್ತದೆ’ ಎಂಬಲ್ಲಿ ಸ್ವಲ್ಪ ನಿಲ್ಲಿ. ಯಾವ ಕಂಪನಿಯ ಜಾಹೀರಾತಿನಲ್ಲೂ ಕಾಣುವುದು ಅತ್ಯಂತ ಹಗುರ ಆವೃತ್ತಿಯ ತೂಕ. ಟಚ್ ಪರದೆ, ದೊಡ್ಡ ಬ್ಯಾಟರಿ, ಸಿಮ್ ಸೌಲಭ್ಯ ಸೇರಿದಂತೆಲ್ಲ ಗ್ರಾಂ ಏರುತ್ತದೆ. ಜೊತೆಗೆ, ಚೀಲದಲ್ಲಿ ಲ್ಯಾಪ್‌ಟಾಪ್ ಒಂದೇ ಇರುವುದಿಲ್ಲವಲ್ಲ. ಚಾರ್ಜರು, ಎಚ್‌ಡಿಎಂಐ ಅಡಾಪ್ಟರು, ಮೌಸು ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿ.

ನನ್ನ ಲೆಕ್ಕ ಇಷ್ಟು. 2.2 ಕೆಜಿಯಿಂದ 1.4ಕ್ಕೆ ಇಳಿದರೆ ಹೆಗಲಿಗೆ ಖಂಡಿತ ಗೊತ್ತಾಗುತ್ತದೆ, ಅದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ. ಅಲ್ಲಿಂದ ಒಂದು ಕೆಜಿಗೆ ಇಳಿಸಲು ಬೆಲೆ ಜಿಗಿಯುತ್ತದೆ. ಅಲ್ಯೂಮಿನಿಯಂ ಹೋಗಿ ಮೆಗ್ನೀಸಿಯಂ ಮಿಶ್ರಲೋಹ, ಕಾರ್ಬನ್ ಫೈಬರ್ ಬರುತ್ತವೆ, ರ್‍ಯಾಮ್ ಬೆಸುಗೆಯಾಗಿ ಕೂರುತ್ತದೆ, ಪೋರ್ಟ್‌ಗಳು ಕಡಿಮೆಯಾಗುತ್ತವೆ. ಆ ಕೊನೆಯ ನಾನೂರು ಗ್ರಾಂ ಎಂದರೆ ನಿಮ್ಮ ನೀರಿನ ಬಾಟಲಿಯ ಅರ್ಧ. ದಿನಕ್ಕೆ ಎರಡು ವಿಮಾನ ಹತ್ತುವವರಿಗೆ ಅದು ದೊಡ್ಡದಿರಬಹುದು. ಕಾರಿನಿಂದ ಇಳಿದು ಕ್ಲೈಂಟ್ ಮೇಜಿನವರೆಗೆ ನಡೆಯುವವರಿಗೆ ಅಷ್ಟು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ಥಿಂಕ್‌ಪ್ಯಾಡ್ ಟಿ14 ಐದನೇ ತಲೆಮಾರಿನಂಥದ್ದನ್ನು ನೋಡಿ. 14 ಇಂಚು, ತೂಕ 1.4 ಕೆಜಿ ಆಸುಪಾಸು. ಇಂಟೆಲ್ ಮಾದರಿಯಲ್ಲಿ ರ್‍ಯಾಮ್ ಹಾಕಲು ಎರಡು ಸ್ಲಾಟ್ ಇವೆ. ಎಚ್‌ಡಿಎಂಐ, ಟೋಕನ್ ಚುಚ್ಚಲು ಹಳೆಯ ಯುಎಸ್‌ಬಿ, ಕ್ಲೈಂಟ್ ಕಚೇರಿಯ ನೆಟ್‌ವರ್ಕ್ ಕೇಬಲ್‌ಗೆ ಜಾಗ, ಎಲ್ಲ ಇದೆ. ರಿಪೇರಿಗೆ ಎಷ್ಟು ಸುಲಭ ಎಂದು ಅಂಕ ಕೊಡುವ ಐಫಿಕ್ಸಿಟ್ 2024ರಲ್ಲಿ ಇದಕ್ಕೆ ಹತ್ತಕ್ಕೆ 9 ಕೊಟ್ಟಿತ್ತು. ಒಂದು ಎಚ್ಚರಿಕೆ: ಇದು 39.3 ಮತ್ತು 52.5 ವ್ಯಾಟ್-ಅವರ್‌ನ ಎರಡು ಬ್ಯಾಟರಿಗಳಲ್ಲಿ ಬರುತ್ತದೆ. ಹೆಚ್ಚಿನದ್ದನ್ನೇ ಕೇಳಿ ಪಡೆಯಿರಿ.

ಬ್ಯಾಟರಿ ಎಷ್ಟು ತಾಸು ಬರುತ್ತದೆ ಎಂಬುದನ್ನು ಜಾಹೀರಾತಿನಲ್ಲಿ ಹುಡುಕಬೇಡಿ. ಆ ಅಂಕಿ ಬರುವುದು ಸಾಮಾನ್ಯವಾಗಿ ಮಂದ ಬೆಳಕಿನಲ್ಲಿ ವಿಡಿಯೊ ಓಡಿಸಿ. ವ್ಯಾಟ್-ಅವರ್ ಅನ್ನು ಬಳಕೆಯ ವ್ಯಾಟ್‌ನಿಂದ ಭಾಗಿಸಿ, ಸಾಕು. ಟ್ಯಾಲಿ, ಎಕ್ಸೆಲ್, ಹತ್ತಾರು ಟ್ಯಾಬ್ ತೆರೆದ ಬ್ರೌಸರ್ ಇಟ್ಟುಕೊಂಡು ಸುಮಾರು 8 ವ್ಯಾಟ್ ಖರ್ಚಾದರೆ 52.5ರ ಬ್ಯಾಟರಿ ಆರೂವರೆ ತಾಸು ಬರುತ್ತದೆ. ವಿಡಿಯೊ ಮೀಟಿಂಗ್ ಶುರುವಾದರೆ ಅದೂ ಕರಗುತ್ತದೆ. ಹಾಗಾಗಿ 65 ವ್ಯಾಟ್‌ನ ಸಣ್ಣ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ) ಚಾರ್ಜರ್ ಒಂದನ್ನು ಚೀಲದಲ್ಲೇ ಬಿಟ್ಟುಬಿಡಿ. ಫೋನಿಗೂ ಅದೇ ಆಗುತ್ತದೆ, ಎರಡು ಚಾರ್ಜರ್ ಹೊರುವುದು ತಪ್ಪುತ್ತದೆ.

ಆಡಿಟರ್ ಎಂದ ಮೇಲೆ ಇನ್ನೊಂದು ಮಾತು. 14 ಇಂಚಿನವುಗಳಲ್ಲಿ ಬಲಗಡೆಯ ನಂಬರ್ ಪ್ಯಾಡ್ ಇರುವುದಿಲ್ಲ. ಇಡೀ ದಿನ ಅಂಕಿ ಹೊಡೆಯುವ ಕೈಗೆ ಇದು ಮೊದಲ ವಾರದಲ್ಲೇ ಕಿರಿಕಿರಿ. ಬಿಡಿ ಯುಎಸ್‌ಬಿ ನಂಬರ್ ಪ್ಯಾಡ್ ಅಗ್ಗಕ್ಕೆ ಸಿಗುತ್ತದೆ. ಅದು ಬೇಡವೆಂದರೆ ಎಲ್‌ಜಿ ಗ್ರ್ಯಾಮ್ 16 ನೋಡಬಹುದು: ದೊಡ್ಡ ಪರದೆ, ನಂಬರ್ ಪ್ಯಾಡ್, ಆದರೂ 1.2 ಕೆಜಿ ಸುತ್ತಮುತ್ತ.

ಇನ್ನು ಕಲಬುರಗಿ. ಬಹುಪಾಲು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿ ಉಷ್ಣಾಂಶದವರೆಗೆ ಬಳಸಿ ಎಂದು ಕಂಪನಿಗಳೇ ಹೇಳುತ್ತವೆ. ಅಲ್ಲಿನ ಏಪ್ರಿಲ್, ಮೇ ತಿಂಗಳು ನಿಮಗೇ ಗೊತ್ತು. ಊಟಕ್ಕೆ ಹೋಗುವಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಲ್ಯಾಪ್‌ಟಾಪ್ ಬಿಡಬೇಡಿ. ಚಾರ್ಜ್ 80%ಕ್ಕೆ ನಿಲ್ಲುವಂತೆ ಸೆಟ್ಟಿಂಗ್‌ನಲ್ಲಿ ಇಟ್ಟುಕೊಳ್ಳಿ. ಬ್ಯಾಟರಿಯ ಆಯಸ್ಸನ್ನು ತಿನ್ನುವುದು ಶಾಖ, ಮತ್ತು ಸದಾ ತುಂಬಿಯೇ ಇರುವ ಚಾರ್ಜ್.

ಮೂರು ವರ್ಷದ ಆನ್‌ಸೈಟ್ ವಾರಂಟಿ ತೆಗೆದುಕೊಳ್ಳಿ. ಮನೆ ಬಾಗಿಲಿಗೆ ಬರುವ ಸೇವೆ ನಿಮ್ಮ ಪಿನ್‌ಕೋಡ್‌ಗೆ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಜಿಎಸ್‌ಟಿ ಬಿಲ್, 40% ಸವಕಳಿ ಇವನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕೇ!

ಪ್ರಶ್ನೆ: ವಿಮಾ ಸರ್ವೇಯರ್ ಆಗಿದ್ದೇನೆ, ಅಪಘಾತವಾದ ವಾಹನಗಳನ್ನು ನೋಡಲು ಸದಾ ಓಡಾಟ. ಹೊಸದಕ್ಕೆ ಲಕ್ಷ ಸುರಿಯಲಾರೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ಕೊಳ್ಳಬಹುದೇ? ಸೈನ್ಯದ ಗುಣಮಟ್ಟದ್ದು ಎಂದು ಅಂಗಡಿಯವರು ಹೇಳುತ್ತಾರೆ.

ಉತ್ತರ: ಕೊಳ್ಳಬಹುದು. ಅದೇ ಬೆಲೆಯ ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಹಳೆಯ ಲ್ಯಾಟಿಟ್ಯೂಡ್, ಎಲೈಟ್‌ಬುಕ್, ಥಿಂಕ್‌ಪ್ಯಾಡ್‌ಗಳ ಕೀಬೋರ್ಡ್, ಕೀಲು ಎರಡೂ ಗಟ್ಟಿ. ಆದರೆ ಅಂಗಡಿಯಲ್ಲೇ ಅರ್ಧ ಗಂಟೆ ಕುಳಿತು ನೋಡಬೇಕು.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಬೇಕು, 11ನೆಯದು ಸಿಕ್ಕರೆ ನೆಮ್ಮದಿ. ಬ್ಯಾಟರಿ ರಿಪೋರ್ಟ್ ತೆಗೆಸಿ: ಹೊಸದರಲ್ಲಿದ್ದ ಸಾಮರ್ಥ್ಯ, ಈಗಿನದು, ಎರಡೂ ಅದರಲ್ಲಿರುತ್ತವೆ. ಈಗಿನದು ಮುಕ್ಕಾಲಿಗಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ವಿಂಡೋಸ್‌ಗೂ ಮೊದಲು ತೆರೆದುಕೊಳ್ಳುವ ಮೂಲ ಸೆಟ್ಟಿಂಗ್, ಅಂದರೆ ಬಯೋಸ್ ತೆರೆದು ನೋಡಿ, ಪಾಸ್‌ವರ್ಡ್ ಕೇಳಿದರೆ ಅದನ್ನು ಅಲ್ಲೇ ಬಿಡಿ. ವಿಂಡೋಸ್ ರೀಸೆಟ್ ಮಾಡಿಸಿ ವೈಫೈಗೆ ಜೋಡಿಸಿ. ಆಗ ಯಾವುದೋ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ ಯಂತ್ರ ಇನ್ನೂ ಅವರ ಹಿಡಿತದಲ್ಲೇ ಇದೆ ಎಂದರ್ಥ. ಸರಿಯಿದ್ದರೆ ಸೀರಿಯಲ್ ನಂಬರ್ ಇರುವ ಬಿಲ್ ಪಡೆಯಿರಿ.

ನೀವು ಬಯಲಲ್ಲಿ ಕೆಲಸ ಮಾಡುವವರು, ಅದಕ್ಕೆ ಪರದೆಯನ್ನು ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೋಡಲೇಬೇಕು. ಹಳೆಯ ಬಿಸಿನೆಸ್ ಮಾದರಿಗಳಲ್ಲಿ 250 ನಿಟ್ಸ್ (ಪರದೆಯ ಪ್ರಕಾಶದ ಅಳತೆ) ಪರದೆ ಸಾಮಾನ್ಯ, ಬಿಸಿಲಲ್ಲಿ ಅಕ್ಷರ ಕಾಣದು. 400 ನಿಟ್ಸ್, ಹೊಳಪಿಲ್ಲದ ಮ್ಯಾಟ್ ಪರದೆ ಸಿಗುವವರೆಗೆ ಕಾಯಿರಿ.

ಸೈನ್ಯದ ಗುಣಮಟ್ಟ ಎನ್ನುವುದು ಎಂಐಎಲ್-ಎಸ್‌ಟಿಡಿ-810ಎಚ್ ಪರೀಕ್ಷಾ ವಿಧಾನದ ಮಾತು. ಅದರ ಪಟ್ಟಿಯಿಂದ ಕೆಲವನ್ನು ಕಂಪನಿಯೇ ಆರಿಸಿ ಪರೀಕ್ಷಿಸುತ್ತದೆ. ಅಮೆರಿಕದ ಸೈನ್ಯ ಯಾರಿಗೂ ಮುದ್ರೆ ಒತ್ತಿಕೊಡುವುದಿಲ್ಲ. ಕೈಜಾರಿ ಬಿದ್ದರೆ ಸಾಮಾನ್ಯ ವಾರಂಟಿಯೂ ಕೈಹಿಡಿಯದು.

ಪ್ರಶ್ನೆ: ವಿಮಾನದಲ್ಲಿ ಲ್ಯಾಪ್‌ಟಾಪ್‌ಗೆಂದು ಪವರ್ ಬ್ಯಾಂಕ್ ಒಯ್ಯಬಹುದೇ?

ಉತ್ತರ: ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ. ಮಿತಿ 100 ವ್ಯಾಟ್-ಅವರ್, ಅದರ ಮೇಲೆ 160ರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ಹಾಗಾಗಿ ಚಿಂತೆಯಿಲ್ಲ. ಪರಿವರ್ತನೆಯಲ್ಲಿ ಒಂದಿಷ್ಟು ಪೋಲಾಗಿ, ಹಗುರ ಲ್ಯಾಪ್‌ಟಾಪ್ ಒಂದನ್ನು ಹೆಚ್ಚುಕಮ್ಮಿ ಒಂದು ಸಲ ತುಂಬುತ್ತದೆ. ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) ಮೂಲಕ 45 ವ್ಯಾಟ್ ಆದರೂ ಕೊಡುವಂಥದ್ದಿರಲಿ, ಫೋನಿನ ಪವರ್ ಬ್ಯಾಂಕ್ ಇದಕ್ಕೆ ಸಾಲದು. ಹಾರಾಟದ ನಡುವೆ ಬಳಸಲು ಬಿಡುತ್ತಾರೆಯೇ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಅವರ ನಿಯಮದಲ್ಲಿ ನೋಡಿಕೊಳ್ಳಿ. ಅಂಕಿಗಳು ಮಾಸಿಹೋದ ಹಳೆಯ ಪವರ್ ಬ್ಯಾಂಕ್ ಒಯ್ದರೆ ಭದ್ರತಾ ತಪಾಸಣೆಯಲ್ಲಿ ಅದನ್ನು ಅಲ್ಲೇ ಬಿಟ್ಟು ಬರಬೇಕಾದೀತು.