ಆ ಬೋರ್ಡಿಗೆ ಡಿಡಿಆರ್5 ಕೂರುವುದಿಲ್ಲ

ಕಂಪ್ಯೂಟರ್ ಜೋಡಿಸಲು ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಡಿಡಿಆರ್5 ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಒಟ್ಟಿಗೆ ಹೊಂದುತ್ತವಾ ಎಂದು ಕೇಳಿದ್ದೀರಿ. ರ‍್ಯಾಮ್ ಒಂದು ಬಿಟ್ಟು ಉಳಿದದ್ದು ಹೊಂದುತ್ತದೆ. ಈ ಬೋರ್ಡಿನದು ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಅದಕ್ಕೆ ಡಿಡಿಆರ್4 ಮಾತ್ರ. ಡಿಡಿಆರ್5 ಸ್ಟಿಕ್ಕಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ದಯವಿಟ್ಟು ಒತ್ತಿ ಕೂರಿಸಲು ಹೋಗಬೇಡಿ. 3200 ವೇಗದ 8 ಜಿಬಿ ಸ್ಟಿಕ್ ಎರಡು ತೆಗೆದುಕೊಳ್ಳಿ. ಒಂದೇ 16 ಜಿಬಿ ಸ್ಟಿಕ್ಕಿಗಿಂತ ಆಟ ಚೆನ್ನಾಗಿ ಓಡುತ್ತದೆ.

ಇದಕ್ಕಿಂತ ಜಾಸ್ತಿ ತಲೆನೋವು ಬೋರ್ಡನ್ನು ಶುರು ಮಾಡುವ ತಂತ್ರಾಂಶ, ಅಂದರೆ ಬಯಾಸ್‌ನದು. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಬೋರ್ಡಿನಲ್ಲಿ ಹಳೇ ಬಯಾಸ್ ಇದ್ದರೆ ಅದಕ್ಕೆ ಈ ಪ್ರೊಸೆಸರ್ ಗುರುತು ಸಿಗುವುದಿಲ್ಲ; ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ನನಗೆ ಹೀಗೇ ಆಗಿತ್ತು. ಕಾರ್ಡೇ ಕೆಟ್ಟಿದೆ ಎಂದುಕೊಂಡು ಎರಡು ದಿನ ಒದ್ದಾಡಿದೆ. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಮಾನಿಟರ್ ಕೇಬಲ್ಲನ್ನು ಕಾರ್ಡಿಗೇ ಹಾಕಬೇಕು.

ಪವರ್ ಸಪ್ಲೈನಲ್ಲಿ ಮಾತ್ರ ಉಳಿತಾಯ ಬೇಡ. ಕಾರ್ಡ್ 132 ವ್ಯಾಟ್, ಪ್ರೊಸೆಸರ್ 65. ಒಳ್ಳೆಯ 550 ವ್ಯಾಟಿನ, ಬ್ರಾಂಜ್ ದರ್ಜೆಯದು (ಕರೆಂಟ್ ಕಡಿಮೆ ಪೋಲು ಮಾಡುವುದು) ಸಾಕು.

ನಮ್ಮ ವಿಜಯಪುರದ ಬೇಸಿಗೆ, ಧೂಳು ಗೊತ್ತಿದೆ ಅಲ್ವಾ? ಮುಂದೆ ಜಾಲರಿ ಇರುವ, ಫಿಲ್ಟರ್ ಬಿಚ್ಚಿ ತೊಳೆಯಲು ಬರುವ ಕ್ಯಾಬಿನೆಟ್ ನೋಡಿ. ಗಾಜು, ಬಣ್ಣದ ದೀಪ ಎಲ್ಲ ಸುಮ್ನೆ ಖರ್ಚು.