ಎದೆಯುರಿ ಇಲ್ಲ, ಬರೀ ಕೆಮ್ಮು: ಎಂಡೋಸ್ಕೋಪಿ ಬೇಕಾ?

ಹಾಸನದ ಓದುಗರೊಬ್ಬರ ಪತ್ರ: "ನಮ್ಮ ಯಜಮಾನರಿಗೆ 56 ವರ್ಷ. ಆರು ತಿಂಗಳಿಂದ ಒಣಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಎದೆಯುರಿ ಇಲ್ಲ. ಆಸಿಡ್ ಮೇಲೆ ಬರ್ತಿದೆ ಅಂತ ಡಾಕ್ಟರು ಕೊಟ್ಟ ಮಾತ್ರೆಯಿಂದ ಗುಣವಾಗಿಲ್ಲ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಾರೆ. ಕ್ಯಾನ್ಸರ್ ಇರಬಹುದಾ ಎಂದು ಭಯ. ಎಂಡೋಸ್ಕೋಪಿ ಮಾಡಿಸಬೇಕಾ?"

ಸಂಪಾದಕರ ಉತ್ತರ:

ಎಂಡೋಸ್ಕೋಪಿ ಅಂದರೆ ಬಾಯಿಂದ ಕ್ಯಾಮೆರಾ ಇರುವ ಟ್ಯೂಬು ಇಳಿಸಿ ಅನ್ನನಾಳ, ಹೊಟ್ಟೆ ನೋಡುವ ಪರೀಕ್ಷೆ. ಅದಕ್ಕೂ ಮೊದಲು ನಮ್ಮದೊಂದು ಪ್ರಶ್ನೆ. ಯಜಮಾನರು ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆ ನುಂಗುತ್ತಿದ್ದಾರಾ? ಅದರಿಂದಲೂ ಒಣಕೆಮ್ಮು ಬರುವುದುಂಟು. ಹಾಗಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ ಆಗಿದೆಯಾ? ಎರಡು ವಾರ ದಾಟಿದ ಕೆಮ್ಮಿಗೆ ನಮ್ಮಲ್ಲಿ ಟಿಬಿ ಪರೀಕ್ಷೆ ಮಾಡಿಸಲೇಬೇಕು. ಎಲ್ಲ ಕೆಮ್ಮನ್ನೂ ಆಸಿಡ್ ತಲೆಗೆ ಕಟ್ಟುವುದು ಈಗೀಗ ಸ್ವಲ್ಪ ಜಾಸ್ತಿಯೇ ಆಗಿದೆ. ಎದೆಯುರಿ ಇಲ್ಲದವರಿಗೆ ಮಾತ್ರೆ ಶುರು ಮಾಡುವ ಮೊದಲು ಆಸಿಡ್ ನಿಜಕ್ಕೂ ಮೇಲೆ ಬರುತ್ತಿದೆಯಾ ಅಂತ ಅಳೆದು ನೋಡಿ ಎಂದು ಅಲ್ಲಿನ ಹೊಟ್ಟೆ-ಕರುಳಿನ ಡಾಕ್ಟರುಗಳ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2022ರಲ್ಲೇ ಹೇಳಿದೆ. ಮೂಗಿನಿಂದ ಸಣ್ಣ ಟ್ಯೂಬು ಇಳಿಸಿ 24 ಗಂಟೆ ಅಳೆಯುತ್ತಾರೆ.

ಇನ್ನು ಕ್ಯಾನ್ಸರ್ ಮಾತು. ವರ್ಷಗಟ್ಟಲೆ ಆಸಿಡ್ ತಾಗಿದರೆ ಅನ್ನನಾಳದ ಕೆಳಭಾಗದ ಒಳಪದರ ಕರುಳಿನ ಪದರದ ಹಾಗೆ ಬದಲಾಗಬಹುದು. ಇದಕ್ಕೆ ಬ್ಯಾರೆಟ್ ಅನ್ನುತ್ತಾರೆ. ಅದು ಕ್ಯಾನ್ಸರಿಗೆ ತಿರುಗುವುದು ಅಪರೂಪ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಅನ್ನನಾಳದ ಕ್ಯಾನ್ಸರ್ ಬೇರೆ ಜಾತಿಯದು, ಸ್ಕ್ವಾಮಸ್, ಅಂದರೆ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವಂಥದ್ದು. ತಂಬಾಕು, ಅಡಿಕೆ, ಕುಡಿತ ಅದರ ಮುಖ್ಯ ಕಾರಣಗಳು. ಹಾಗಾಗಿ ನಿಮ್ಮ ಪತ್ರದಲ್ಲಿ ನಮಗೆ ಕೆಮ್ಮಿಗಿಂತ ಕಡ್ಡಿಪುಡಿಯೇ ದೊಡ್ಡದಾಗಿ ಕಂಡಿತು.

ಕೆಮ್ಮೊಂದೇ ಇರುವ 30ರ ಹುಡುಗನಾಗಿದ್ದರೆ ಎಂಡೋಸ್ಕೋಪಿ ಸುಮ್ನೆ ಖರ್ಚು ಅನ್ನುತ್ತಿದ್ದೆವು. ನಿಮ್ಮಲ್ಲಿ ವಯಸ್ಸು, ತಂಬಾಕು, ಮಾತ್ರೆಗೆ ಬಗ್ಗದ ತೊಂದರೆ ಮೂರೂ ಇವೆ. ಹೊಟ್ಟೆ-ಕರುಳಿನ ಡಾಕ್ಟರಿಗೆ ತೋರಿಸಿ, ಒಮ್ಮೆ ಮಾಡಿಸಿಬಿಡುವುದೇ ವಾಸಿ. ಮುದ್ದೆ, ಅನ್ನ ಇಳಿಯುವಾಗ ತಡೆಯುತ್ತಿದ್ದರೆ, ತೂಕ ಇಳಿದಿದ್ದರೆ, ಮಲ ಕಪ್ಪಗಿದ್ದರೆ ಕಾಯಲೇಬೇಡಿ, ಈ ವಾರವೇ ಹೋಗಿ.

ಪರೀಕ್ಷೆ ಕೆಲವೇ ನಿಮಿಷದ್ದು, ಖಾಲಿ ಹೊಟ್ಟೆಯಲ್ಲಿ. ಆಸಿಡ್ ಮಾತ್ರೆ ನುಂಗುತ್ತಿದ್ದರೆ ಹುಣ್ಣು ಮಾಯ್ದು ಕಾಣದೇ ಹೋಗಬಹುದು, ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಬಾಯಿ, ಗಂಟಲನ್ನು ಇ.ಎನ್.ಟಿ. ಡಾಕ್ಟರಿಗೂ ತೋರಿಸಿ. ಕಡ್ಡಿಪುಡಿ ವಿಷಯ ಯಜಮಾನರು ತಾವಾಗಿ ಬಾಯಿಬಿಡಲಿಕ್ಕಿಲ್ಲ. ನೀವೇ ಜೊತೆಗೆ ಹೋಗಿ ಹೇಳಿ.